ಅಗ್ಗದ ವೈನ್‌ಗೆ ಅಂಕ ಕೊಡುವುದು ಹೇಗೆ?

ಪ್ರಶ್ನೆ: ಕಡಿಮೆ ಬೆಲೆಯ ಐದಾರು ವೈನ್‌ಗಳನ್ನು ಮನೆಯಲ್ಲೇ ಸವಿದು ಹೋಲಿಸುವುದು ಹೇಗೆ?

ಉತ್ತರ: ಬಾಟಲಿಗಳಿಗೆ ಪೇಪರ್ ಸುತ್ತಿ ನಂಬರ್ ಹಾಕಿ, ಬೆಲೆ ಗೊತ್ತಾದರೆ ನಾಲಿಗೆ ಪಕ್ಷಪಾತ ಮಾಡುತ್ತದೆ. ತಲಾ 40 ಮಿ.ಲೀ. ಸಾಕು, ಉಗುಳಲು ಒಂದು ಪಾತ್ರೆ ಇರಲಿ. ಮೊದಲು ಬಿಳಿ, ಆಮೇಲೆ ಕೆಂಪು. ಸಿಹಿ ಪೋರ್ಟ್ ವೈನ್ ಇದ್ದರೆ ಕೊನೆಗೆ, ಇಲ್ಲದಿದ್ದರೆ ಮುಂದಿನದ್ದೆಲ್ಲ ಹುಳಿ ಎನಿಸುತ್ತದೆ.

ಹೆಚ್ಚಿನವರು ಎಡವುವುದು ಉಷ್ಣಾಂಶದಲ್ಲಿ. ನಮ್ಮ ಬೇಸಿಗೆಯ 30 ಡಿಗ್ರಿಯಲ್ಲಿ ಕೆಂಪು ವೈನ್‌ನ ಆಲ್ಕೋಹಾಲೇ ಮೂಗಿಗೆ ಹೊಡೆಯುತ್ತದೆ. ಸುಮಾರು ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು 18ರ ಆಸುಪಾಸಿಗೆ ಇಳಿಸಿ. ಬಿಳಿಯದಕ್ಕೆ 8–10. ಇನ್ನೂ ತಣ್ಣಗಾದರೆ ಪರಿಮಳದ ಜೊತೆ ದೋಷವೂ ಅಡಗುತ್ತದೆ (ಕೆಲವು ಅಗ್ಗದ ವೈನ್‌ಗೆ ಅದೇ ವರ!).

20 ಅಂಕದಲ್ಲಿ ಬಣ್ಣಕ್ಕೆ 3, ವಾಸನೆಗೆ 6, ರುಚಿಗೆ 8, ಬಾಯಲ್ಲಿ ಉಳಿಯುವ ಸ್ವಾದಕ್ಕೆ 3 ಇಡಿ. ವಿನೆಗರ್ ಅಥವಾ ಒದ್ದೆ ರಟ್ಟಿನ ವಾಸನೆ ಬಂದರೆ ಆ ಬಾಟಲಿ ಕೆಟ್ಟಿದೆ. ಅಂಕ ಕೊಡದೆ ಪಕ್ಕಕ್ಕಿಡಿ.