ವೀಸಾದ ಮೇಲೆ ಇದ್ದೇವೆ, ಬ್ರಿಟನ್‌ನಲ್ಲಿ ಓಟು ಹಾಕಬಹುದಾ?

ಪ್ರಶ್ನೆ: ಗಂಡನ ಕೆಲಸದ ವೀಸಾದಿಂದ ನಾನೂ ಇಂಗ್ಲೆಂಡಿನ ರೆಡಿಂಗ್‌ಗೆ ಬಂದಿದ್ದೇನೆ. ಮನೆಯಲ್ಲಿರುವವರು ಮತದಾರರ ಪಟ್ಟಿಗೆ ಹೆಸರು ಸೇರಿಸಿ ಅಂತ ಕೌನ್ಸಿಲ್‌ನಿಂದ (ಇಲ್ಲಿನ ಸ್ಥಳೀಯ ಆಡಳಿತ) ಪತ್ರ ಬಂದಿದೆ. ನಮ್ಮದು ಭಾರತದ ಪಾಸ್‌ಪೋರ್ಟ್. ಅಮೆರಿಕದಲ್ಲಿರುವ ಭಾವ "ಅದರ ತಂಟೆಗೇ ಹೋಗಬೇಡಿ, ವೀಸಾಕ್ಕೆ ಕುತ್ತು ಬರುತ್ತೆ" ಅಂತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಭಾವ ಅವರಿರುವ ದೇಶದ ಮಟ್ಟಿಗೆ ಸರಿಯಾಗಿಯೇ ಹೇಳಿದ್ದಾರೆ. ಅಮೆರಿಕದ ಫೆಡರಲ್ ಚುನಾವಣೆಯಲ್ಲಿ ಹೊರದೇಶದವರು ಓಟು ಹಾಕಿದರೆ ಅಪರಾಧ, ಗಡೀಪಾರೂ ಆಗಬಹುದು. ಬ್ರಿಟನ್ ಲೆಕ್ಕ ಬೇರೆ. ನೀವು ಕಾಮನ್‌ವೆಲ್ತ್ (ಬಹುಪಾಲು ಹಿಂದೆ ಬ್ರಿಟಿಷರ ಆಳ್ವಿಕೆಯಲ್ಲಿದ್ದ ದೇಶಗಳ ಕೂಟ, ಭಾರತವೂ ಅದರಲ್ಲಿದೆ) ದೇಶದ ಪ್ರಜೆ, ವಯಸ್ಸು 18 ದಾಟಿದೆ, ಸಿಂಧುವಾದ ವೀಸಾ ಇದೆ, ಅಲ್ಲೇ ವಾಸವಿದ್ದೀರಿ. ಅಷ್ಟಿದ್ದರೆ ಕೌನ್ಸಿಲ್ ಚುನಾವಣೆಗಷ್ಟೇ ಅಲ್ಲ, ಪಾರ್ಲಿಮೆಂಟ್ ಚುನಾವಣೆಗೂ ನಿಮಗೆ ಓಟು ಇದೆ. ಲಂಡನ್‌ನಲ್ಲೇ ಹತ್ತಾರು ವರ್ಷದಿಂದ ನೆಲೆಸಿರುವ ಫ್ರಾನ್ಸ್ ಪ್ರಜೆಗೆ ಪಾರ್ಲಿಮೆಂಟ್ ಓಟು ಇಲ್ಲ. ಮೊನ್ನೆ ಬೆಂಗಳೂರಿನಿಂದ ಹೋದ ವಿದ್ಯಾರ್ಥಿಗೆ ಇದೆ. ವಿಚಿತ್ರ ಅಲ್ವಾ? ಸಾಮ್ರಾಜ್ಯದ ಕಾಲದಲ್ಲಿ ನಮ್ಮವರೂ ಬ್ರಿಟಿಷ್ ರಾಜನ ಪ್ರಜೆಗಳೇ ಆಗಿದ್ದರು, ಅದರ ಬಾಲ ಇದು.

ಈ ಹಕ್ಕು ತೆಗೆಯಬೇಕು ಎಂಬ ಕೂಗು ಅಲ್ಲಿ ಆಗಾಗ ಏಳುತ್ತದೆ. ಭಾರತದಲ್ಲಿ ಬ್ರಿಟಿಷರಿಗೆ ಓಟಿಲ್ಲ, ಇಲ್ಲಿ ಭಾರತೀಯರಿಗೆ ಯಾಕೆ ಅನ್ನುವುದು ಅವರ ವಾದ. ಅದರಲ್ಲಿ ಹುರುಳೇ ಇಲ್ಲ ಅಂತ ನಾನು ಹೇಳಲಾರೆ. ಆದರೆ ಕಾನೂನು ಬದಲಾಗುವವರೆಗೆ ಓಟು ನಿಮ್ಮದೇ, ಸಂಕೋಚ ಬೇಡ. ಇದರಿಂದ ಭಾರತದ ಪೌರತ್ವವೂ ಹೋಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದರೆ ಮಾತ್ರ ಅದು ಹೋಗುತ್ತದೆ.

ಪತ್ರವನ್ನು ಕಸದ ಬುಟ್ಟಿಗೆ ಹಾಕಬೇಡಿ. ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ಕೌನ್ಸಿಲ್‌ಗಳು ವರ್ಷಕ್ಕೊಮ್ಮೆ ವಿಚಾರಿಸುತ್ತವೆ. ಹೆಸರು ಸೇರಿಸಿ ಅಂತ ನಿಮ್ಮ ಹೆಸರಿಗೇ ನೋಟಿಸು ಕೊಟ್ಟ ಮೇಲೂ ಸುಮ್ಮನಿದ್ದರೆ 80 ಪೌಂಡ್ ದಂಡ ಬೀಳಬಹುದು. ಸರ್ಕಾರದ ಅಧಿಕೃತ ವೆಬ್‌ಸೈಟಿನಲ್ಲಿ ಐದೇ ನಿಮಿಷದ ಕೆಲಸ, ಶುಲ್ಕ ಇಲ್ಲ. ಯಾರಾದರೂ ದುಡ್ಡು ಕೇಳಿದರೆ, ಬ್ಯಾಂಕ್ ವಿವರ ಕೇಳಿದರೆ ಅದು ಮೋಸ. ರಾಷ್ಟ್ರೀಯತೆ ಕೇಳುವ ಕಡೆ 'ಇಂಡಿಯನ್' ಅಂತಲೇ ಹಾಕಿ. ಗೊತ್ತಿದ್ದೂ ಸುಳ್ಳು ಮಾಹಿತಿ ಕೊಟ್ಟರೆ ಜೈಲಿಗೂ ದಾರಿಯಾಗುತ್ತದೆ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ತೆರಿಗೆ, ಸಾಮಾಜಿಕ ವಿಮೆಗೆ ಸರ್ಕಾರ ಕೊಡುವ ಸಂಖ್ಯೆ) ಇನ್ನೂ ಸಿಕ್ಕಿಲ್ಲವಾದರೂ ಅರ್ಜಿ ಹಾಕಬಹುದು, ಬೇರೆ ದಾಖಲೆ ಕೇಳುತ್ತಾರೆ, ಅಷ್ಟೇ. 'ಓಪನ್ ರಿಜಿಸ್ಟರ್' ಬೇಡ ಅನ್ನುವ ಆಯ್ಕೆಯನ್ನು ಮರೆಯದೆ ಆರಿಸಿ. ಆ ಪಟ್ಟಿಯನ್ನು ಯಾರು ಬೇಕಾದರೂ ದುಡ್ಡು ಕೊಟ್ಟು ಕೊಳ್ಳಬಹುದು.

ಕನ್ನಡದವರಿಗೆ ತೊಡಕಾಗುವುದು ಹೆಸರಿನಲ್ಲಿ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಬರೆದಿರುತ್ತದೆ. ಕೆಲವರಿಗೆ ಸರ್‌ನೇಮ್ ಜಾಗವೇ ಖಾಲಿ. ಮನೆ ಬಾಡಿಗೆ ಪತ್ರದಲ್ಲಿ ಇನ್ನೊಂದು ತರಹ. ಮತದಾರರ ಪಟ್ಟಿಗೆ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬರೆಸಿ. ಯಾಕೆಂದರೆ 2023ರ ಮೇ ತಿಂಗಳಿಂದ ಇಂಗ್ಲೆಂಡಿನ ಮತಗಟ್ಟೆಗಳಲ್ಲಿ ಫೋಟೋ ಇರುವ ಗುರುತಿನ ಚೀಟಿ ತೋರಿಸಬೇಕು. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಆಧಾರ್, ಪ್ಯಾನ್, ನಮ್ಮ ಡ್ರೈವಿಂಗ್ ಲೈಸೆನ್ಸ್ ಯಾವುದೂ ನಡೆಯುವುದಿಲ್ಲ. ಇದನ್ನು ಲಘುವಾಗಿ ತಗೋಬೇಡಿ. ಈ ಕಾನೂನು ತಂದಿದ್ದು ಬೋರಿಸ್ ಜಾನ್ಸನ್ ಸರ್ಕಾರ. 2024ರ ಮೇ ತಿಂಗಳಲ್ಲಿ ಸೌತ್ ಆಕ್ಸ್‌ಫರ್ಡ್‌ಶೈರ್‌ನ ಮತಗಟ್ಟೆಗೆ ಅದೇ ಜಾನ್ಸನ್ ಗುರುತಿನ ಚೀಟಿ ಇಲ್ಲದೆ ಹೋದರು. ಸಿಬ್ಬಂದಿ ಮುಲಾಜಿಲ್ಲದೆ ವಾಪಸ್ ಕಳಿಸಿದರು. ಆಮೇಲೆ ಚೀಟಿ ತಂದು ಓಟು ಹಾಕಿದರು ಅನ್ನಿ.

ಪ್ರಶ್ನೆ: ಮಗಳು ಲೀಡ್ಸ್‌ನಲ್ಲಿ ಓದುತ್ತಾಳೆ, ರಜೆಯಲ್ಲಿ ಲಂಡನ್‌ನ ಚಿಕ್ಕಮ್ಮನ ಮನೆಯಲ್ಲಿ ಇರುತ್ತಾಳೆ. ಎರಡೂ ಕಡೆ ಹೆಸರು ಬರೆಸಬಹುದೇ?

ಉತ್ತರ: ಎರಡೂ ಕಡೆ ನಿಜವಾಗಿ ವಾಸ ಇದ್ದರೆ ಬರೆಸಬಹುದು. ಆದರೆ ಪಾರ್ಲಿಮೆಂಟ್ ಚುನಾವಣೆಯಲ್ಲಿ ಒಂದೇ ಓಟು, ಎರಡು ಹಾಕಿದರೆ ಅಪರಾಧ. ಸುಮ್ನೆ ಬೇಸಿಗೆಯಲ್ಲಿ ನಾಲ್ಕು ದಿನ ಉಳಿಯುವ ಮನೆಯಾದರೆ ಲೀಡ್ಸ್ ಒಂದೇ ಸಾಕು.

ಪ್ರಶ್ನೆ: ಬ್ರಿಟನ್‌ನಲ್ಲಿ ತಪ್ಪು ಮಾಡಿದ ಸಂಸದರನ್ನು ಜನರೇ ಮನೆಗೆ ಕಳಿಸುತ್ತಾರಂತೆ, ನಿಜವೇ? ನಮ್ಮಲ್ಲಿ ಯಾಕಿಲ್ಲ? (ದಾವಣಗೆರೆಯ ಓದುಗರು)

ಉತ್ತರ: ನಿಜ, ಆದರೆ ಅಂದುಕೊಂಡಷ್ಟು ಸಲೀಸಲ್ಲ. 2009ರಲ್ಲಿ ಸಂಸದರ ಖರ್ಚುವೆಚ್ಚದ ಹಗರಣ ಹೊರಬಿತ್ತು. ಒಬ್ಬರಂತೂ ಕೊಳದಲ್ಲಿ ಬಾತುಕೋಳಿಗೆ ಕಟ್ಟಿಸಿದ ಪುಟ್ಟ ಮನೆಯ ಬಿಲ್ಲನ್ನೂ ಕಳಿಸಿದ್ದರು. ಜನ ರೊಚ್ಚಿಗೆದ್ದರು. ಆ ಸಿಟ್ಟಿನಿಂದ ಹುಟ್ಟಿದ್ದು 2015ರ ರೀಕಾಲ್, ಅಂದರೆ ಸಂಸದರನ್ನು ವಾಪಸ್ ಕರೆಸುವ ಕಾಯ್ದೆ. ಸಂಸದರಿಗೆ ಜೈಲು ಶಿಕ್ಷೆಯಾದರೆ, ಸುಳ್ಳು ಖರ್ಚು ತೋರಿಸಿ ಶಿಕ್ಷೆಗೆ ಗುರಿಯಾದರೆ, ಇಲ್ಲವೇ ಸದನದಿಂದ ಕನಿಷ್ಠ 10 ಕಲಾಪದ ದಿನ ಅಮಾನತಾದರೆ ಮಾತ್ರ ಕ್ಷೇತ್ರದಲ್ಲಿ ಸಹಿ ಸಂಗ್ರಹ ಶುರುವಾಗುತ್ತದೆ. ಆರು ವಾರದೊಳಗೆ ಕ್ಷೇತ್ರದ ಮತದಾರರ ಪೈಕಿ ಶೇ. 10ರಷ್ಟು ಜನ ಸಹಿ ಹಾಕಿದರೆ ಸ್ಥಾನ ಖಾಲಿ, ಉಪಚುನಾವಣೆ.

ಪಕ್ಷಾಂತರ ಈ ಪಟ್ಟಿಯಲ್ಲಿಲ್ಲ. 2024ರ ಮೇನಲ್ಲಿ ಡೋವರ್‌ನ ಕನ್ಸರ್ವೇಟಿವ್ ಸಂಸದೆ ನಟಾಲಿ ಎಲ್ಫಿಕ್ ಎದ್ದುಹೋಗಿ ಲೇಬರ್ ಸಾಲಿನಲ್ಲಿ ಕೂತರು. ಅನರ್ಹತೆ ಇಲ್ಲ, ರೆಸಾರ್ಟ್ ಇಲ್ಲ, ಸುಪ್ರೀಂ ಕೋರ್ಟ್ ಇಲ್ಲ. 2019ರಲ್ಲಿ ನಮ್ಮ ವಿಧಾನಸಭೆಯಲ್ಲಿ 17 ಶಾಸಕರು ಅನರ್ಹರಾದದ್ದನ್ನು ನೋಡಿದವರಿಗೆ ಇದು ಅರಗುವುದು ಕಷ್ಟ. ನಮ್ಮಲ್ಲಿ ಪಕ್ಷ ಬಿಟ್ಟವರಿಗೆ ಕಾನೂನಿದೆ, ಜನರಿಗೆ ಬೇಡವಾದ ಶಾಸಕರನ್ನೋ ಸಂಸದರನ್ನೋ ವಾಪಸ್ ಕರೆಸಲು ಕಾನೂನಿಲ್ಲ. ಪಕ್ಷಗಳು ಕೂತು ಬರೆದ ಕಾನೂನು ಹಾಗೇ ಇರುತ್ತದೆ, ಬಿಡಿ.

ರೀಕಾಲ್ ಕೆಲಸ ಮಾಡಿದ್ದೂ ಇದೆ. ಸಂಸದೆ ಮಾರ್ಗರೆಟ್ ಫೆರಿಯರ್ ಕೋವಿಡ್ ಪಾಸಿಟಿವ್ ಅಂತ ಗೊತ್ತಿದ್ದೂ ಲಂಡನ್‌ನಿಂದ ಗ್ಲಾಸ್ಗೋಗೆ ರೈಲು ಹತ್ತಿದ್ದರು. 2023ರಲ್ಲಿ ಮತದಾರರ ಸಹಿಯಿಂದಲೇ ಸ್ಥಾನ ಕಳೆದುಕೊಂಡರು. ಆದರೆ ಸಹಿ ಹಾಕಲು ಮತದಾರರ ಪಟ್ಟಿಯಲ್ಲಿ ಹೆಸರಿರಲೇಬೇಕು. ಬ್ರಿಟನ್‌ನಲ್ಲಿ ಪಟ್ಟಿಯಲ್ಲಿ ಇಲ್ಲದವರು ಅಥವಾ ಹಳೇ ವಿಳಾಸದಲ್ಲೇ ಉಳಿದವರು 70–80 ಲಕ್ಷ ಜನ ಇರಬಹುದು ಅಂತ ಅಲ್ಲಿನ ಚುನಾವಣಾ ಆಯೋಗವೇ ಅಂದಾಜು ಮಾಡಿದೆ. ಬೈಯುವುದಕ್ಕೆ ಎಲ್ಲರೂ ಇರುತ್ತಾರೆ, ಸಹಿ ಹಾಕುವ ಹೊತ್ತಿಗೆ ಇವರ್‍ಯಾರೂ ಲೆಕ್ಕಕ್ಕಿಲ್ಲ.

ಮೊದಲ ರೀಕಾಲ್ ನಡೆದದ್ದು 2018ರಲ್ಲಿ, ಉತ್ತರ ಐರ್ಲೆಂಡಿನ ನಾರ್ತ್ ಆಂಟ್ರಿಮ್‌ನಲ್ಲಿ. ಸಂಸದ ಇಯಾನ್ ಪೇಸ್ಲಿ ಶ್ರೀಲಂಕಾ ಸರ್ಕಾರದ ಖರ್ಚಿನಲ್ಲಿ ಕುಟುಂಬ ಸಮೇತ ಪ್ರವಾಸ ಮಾಡಿ, ಅದನ್ನು ಸದನಕ್ಕೆ ತಿಳಿಸಿರಲಿಲ್ಲ. 30 ಕಲಾಪದ ದಿನ ಅಮಾನತಾಯಿತು. ಸಹಿ ಕೇಂದ್ರಗಳನ್ನು ಕಾನೂನಿನ ಪ್ರಕಾರ 10ರವರೆಗೆ ತೆರೆಯಬಹುದಿತ್ತು, ತೆರೆದದ್ದು ಮೂರೇ. 7,099 ಸಹಿ ಬಿತ್ತು. 444 ಕಮ್ಮಿ ಬಿದ್ದು ಪೇಸ್ಲಿ ಉಳಿದುಕೊಂಡರು. ಮುಂದಿನ ವರ್ಷ ಗೆದ್ದೂ ಬಂದರು. 2024ರ ಚುನಾವಣೆಯಲ್ಲಿ ಅದೇ ಕ್ಷೇತ್ರದಲ್ಲಿ 450 ಓಟಿನಿಂದ ಸೋತರು.