ಮುಚ್ಚಿದ ಬಾಗಿಲು

ಪ್ರಶ್ನೆ: ಮಗನಿಗೆ 13 ವರ್ಷ. ಮೊನ್ನೆಮೊನ್ನೆಯವರೆಗೂ ನನ್ನ ಕೈ ಹಿಡಿದೇ ಮಲಗುತ್ತಿದ್ದವನು ಈಗ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ಅವನ ಎತ್ತರ ಗುರುತಿಸಿದ ಗೋಡೆಯ ಪೆನ್ಸಿಲ್ ಗೆರೆಗಳನ್ನು ಕಂಡರೆ ಅಳು ಬರುತ್ತದೆ. ಇದು ತಪ್ಪೇ?

ಉತ್ತರ: ಖಂಡಿತ ತಪ್ಪಲ್ಲ ತಾಯಿ. ನನ್ನ ಮಗಳು ಮೊದಲ ಸಲ "ನಾನೇ ಜಡೆ ಹಾಕ್ಕೋತೀನಿ" ಅಂದ ದಿನ, ಬಾಚಣಿಗೆ ಹಿಡಿದು ಎಷ್ಟೋ ಹೊತ್ತು ಸುಮ್ಮನೆ ನಿಂತಿದ್ದೆ. ಹರೆಯದಲ್ಲಿ ನಿದ್ದೆಯ ಸೂಚನೆ ಕೊಡುವ ಮೆಲಟೋನಿನ್ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ, ಹಾಗಾಗಿ ನಿದ್ದೆಯೂ ತಡ. ಅವಳು ಮನಸ್ಸು ಬಿಚ್ಚಿ ಮಾತಾಡಿದ್ದೆಲ್ಲ ರಾತ್ರಿ 10ರ ಮೇಲೆಯೇ. ನೀವೂ ಆ ಹೊತ್ತಿಗೆ ಬಾಗಿಲು ತಟ್ಟಿ, ಒಳಗೆ ಹೋಗಿ, ಏನೂ ಕೇಳದೆ ಸ್ವಲ್ಪ ಹೊತ್ತು ಕೂತು ಬನ್ನಿ. ಬೇಡ ಅಂದರೆ ಮರುದಿನ ಮತ್ತೆ ತಟ್ಟಿ. ಗೋಡೆಗೆ ಬಣ್ಣ ಬಳಿಸುವಾಗ ಆ ಗೆರೆಗಳಿರುವ ಜಾಗ ಮಾತ್ರ ಹಾಗೇ ಉಳಿಸಿ.