ಏಪ್ರಿಲ್ ಮೊದಲ ವಾರ ಶಿವಮೊಗ್ಗ ಕಡೆ ಗದ್ದಲವಿಲ್ಲದೆ ಹತ್ತಬಹುದಾದ ಗುಡ್ಡ ಯಾವುದು?

ನೀವು ಕೇಳಿದ್ದು ಇಷ್ಟು: ಏಪ್ರಿಲ್ ಮೊದಲ ವಾರ ನಾಲ್ಕು ದಿನ ರಜೆ ಇದೆ, ಗಂಡ ಹೆಂಡತಿ ಇಬ್ಬರೇ ಬರುತ್ತೀರಿ, ಗುಡ್ಡ ಹತ್ತಬೇಕು, ಆದರೆ ಕೊಡಚಾದ್ರಿಯ ಜೀಪು, ಸ್ಪೀಕರು, ಸೆಲ್ಫಿ ಯಾವುದೂ ಬೇಡ. ನಾನು ತೀರ್ಥಹಳ್ಳಿ ಕಡೆಯವನು, ಗೊತ್ತಿರುವುದನ್ನು ಹೇಳುತ್ತೇನೆ.

"ಯಾರಿಗೂ ಗೊತ್ತಿಲ್ಲದ ಜಾಗ" ಅಂತ ಹುಡುಕಬೇಡಿ. ಗಾಡಿ ಎಲ್ಲಿವರೆಗೆ ಹೋಗುತ್ತದೆ ಅಂತ ಮೊದಲು ನೋಡಿ. ಕುಂದಾದ್ರಿಯ ಬಂಡೆ, ಮೇಲಿನ ಪಾರ್ಶ್ವನಾಥ ಬಸದಿ ಎರಡೂ ಚೆಂದ, ಆದರೆ ಟಾರು ರಸ್ತೆ ತುದಿವರೆಗೂ ಇದೆ. ಕೊಡಚಾದ್ರಿ 1,343 ಮೀಟರ್ ಎತ್ತರ, ಅಲ್ಲಿಗೂ ಜೀಪು ಹತ್ತುತ್ತದೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಹಿನ್ನೀರು ದಾಟಲು ಲಾಂಚಿಗೆ ಕಾಯುವ ಕೆಲಸವೂ ತಪ್ಪಿತು. ಸಾಗರದಿಂದ ಹೊರಟವರು ಸಿಗಂದೂರು, ಕೊಡಚಾದ್ರಿ, ಕೊಲ್ಲೂರು ಮೂರನ್ನೂ ಒಂದೇ ಪ್ರವಾಸಕ್ಕೆ ಜೋಡಿಸಿಕೊಳ್ಳುವುದು ಈಗ ಸಲೀಸು. ಲಿಂಗನಮಕ್ಕಿ ಹಿನ್ನೀರು ಬಂದಾಗಿನಿಂದ ಲಾಂಚನ್ನೇ ನಂಬಿಕೊಂಡಿದ್ದ ತುಮರಿ ಕಡೆಯವರಿಗೆ ಆ ಸೇತುವೆ ಬೇಕೇ ಇತ್ತು, ಅದರಲ್ಲಿ ಎರಡು ಮಾತಿಲ್ಲ. ನಿಮಗೆ ಮಾತ್ರ ಆ ದಾರಿ ಬೇಡ.

ನಾನಾಗಿದ್ದರೆ ಕವಲೇದುರ್ಗಕ್ಕೆ ಹೋಗುತ್ತಿದ್ದೆ. ತೀರ್ಥಹಳ್ಳಿಯಿಂದ ಸುಮಾರು 18 ಕಿಲೋಮೀಟರ್. ಗಾಡಿ ಕೆಳಗೇ ನಿಲ್ಲಬೇಕು. ಗದ್ದೆ ಬಯಲು ದಾಟಿದರೆ ಕಲ್ಲು ಹಾಸಿದ ಹಳೇ ದಾರಿ ಸಿಗುತ್ತದೆ. ಕಲ್ಲು ಸವೆದು ನುಣ್ಣಗಾಗಿದೆ, ಮಳೆಗಾಲದಲ್ಲಿ ಪಾಚಿ ಕಟ್ಟಿ ಕಾಲು ಜಾರುತ್ತದೆ, ಈಗ ಒಣಗಿರುವುದರಿಂದ ಆ ಭಯವಿಲ್ಲ. ಕೆಳದಿ ನಾಯಕರ ಕೋಟೆ. ಒಂದು ಸುತ್ತಿನ ಗೋಡೆ ದಾಟಿದರೆ ಇನ್ನೊಂದು ಬಾಗಿಲು, ಅದರ ಪಕ್ಕ ಕಾವಲುಗಾರರ ಕೋಣೆ. ಹೆಚ್ಚಿನವರು ಕಾಶಿ ವಿಶ್ವನಾಥ ದೇವಸ್ಥಾನದ ಎದುರು ಫೋಟೋ ಹೊಡೆದು, ತುದಿಯ ಪುಟ್ಟ ಗುಡಿಗೆ ಹೋಗಿ ಇಳಿದುಬಿಡುತ್ತಾರೆ. ನೀವು ಅರಮನೆ ಪಾಯದ ಹತ್ತಿರ ಸ್ವಲ್ಪ ಹೊತ್ತು ಕೂರಿ. ಅಡುಗೆ ಮನೆಯಿದ್ದ ಜಾಗದಲ್ಲಿ ಐದು ಪಾತ್ರೆ ಇಡಬಹುದಾದ ಕಲ್ಲಿನ ಒಲೆ ಇನ್ನೂ ಇದೆ. ನನಗೆ ಇಡೀ ಕೋಟೆಯಲ್ಲಿ ಅದೇ ಇಷ್ಟ. ತುದಿಗೆ ಹೋದರೆ ದೂರದಲ್ಲಿ ವಾರಾಹಿ ಹಿನ್ನೀರು ಕಾಣುತ್ತದೆ. ಭಾನುವಾರ ಇಲ್ಲೂ ಜನ ಇರುತ್ತಾರೆ, ಸುಳ್ಳು ಹೇಳುವುದಿಲ್ಲ. ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಬೇಗ ಬನ್ನಿ.

ಎರಡನೆಯದು ಸೊರಬ ತಾಲ್ಲೂಕಿನ ಚಂದ್ರಗುತ್ತಿ. ರೇಣುಕಾಂಬೆ ಗುಹಾ ದೇವಸ್ಥಾನಕ್ಕೆ ಬರುವ ಭಕ್ತರಲ್ಲಿ ಮೇಲಿನ ಕೋಟೆವರೆಗೆ ಹತ್ತುವವರು ಕಡಿಮೆ. ಜಾತ್ರೆ ದಿನ ಒಂದು ತಪ್ಪಿಸಿದರೆ ಆಯಿತು.

ಇನ್ನು ಎರಡು ದಿನಕ್ಕೆ ಹೆಸರಿನ ಗುಡ್ಡವೇ ಬೇಕಾ? ಹೊಸನಗರ, ತೀರ್ಥಹಳ್ಳಿ ಕಡೆ ಒಂದು ತೋಟದ ಮನೆ ಹೋಂಸ್ಟೇ ಹಿಡಿಯಿರಿ. ಮನೆಯವರನ್ನೋ ಅವರ ತೋಟದ ಕೆಲಸದವರನ್ನೋ ಜೊತೆಗೆ ಕರೆದುಕೊಂಡು ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಬ್ಯಾಣ (ದನ ಮೇಯುವ ಹುಲ್ಲುಗಾವಲು) ಸುತ್ತಿ. ಕೂಲಿ ಮೊದಲೇ ಮಾತಾಡಿಕೊಳ್ಳಿ, ಸಂಕೋಚ ಬೇಡ. ದಾರಿಯಲ್ಲಿ ದಣಪೆ, ಅಂದರೆ ಅಡ್ಡ ಗಳ ಹಾಕಿದ ಬೇಲಿ ಬಾಗಿಲು, ಸಿಕ್ಕರೆ ಗಳ ಸರಿಸಿ ದಾಟಿ, ಮತ್ತೆ ಹಾಗೇ ಹಾಕಿ. ಇಲ್ಲದಿದ್ದರೆ ದನ ತೋಟಕ್ಕೆ ನುಗ್ಗುತ್ತದೆ, ಬೈಗುಳ ಮನೆಯವರಿಗೆ. ಅದೃಷ್ಟವಿದ್ದರೆ ಬ್ಯಾಣದ ಅಂಚಿನಲ್ಲಿ ಕೌಳಿ ಅನ್ನುವ ಕಾಡುಹಣ್ಣು ಕಪ್ಪಾಗಲು ಶುರುವಾಗಿರುತ್ತದೆ.

ಒಂದು ಎಚ್ಚರಿಕೆ. ಯೂಟ್ಯೂಬ್ ನೋಡಿಕೊಂಡು ಕಾಡಿನ ಒಳದಾರಿ ಹಿಡಿಯಬೇಡಿ. ಮೂಕಾಂಬಿಕಾ, ಸೋಮೇಶ್ವರ, ಶರಾವತಿ ಕಣಿವೆ ಎಲ್ಲ ಅಭಯಾರಣ್ಯ, ಅನುಮತಿ ಇಲ್ಲದೆ ಹೋದರೆ ಕೇಸು. ಅದೂ ಅಲ್ಲದೆ ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಎಷ್ಟೋ ಚಾರಣ ದಾರಿಗಳನ್ನು ಮುಚ್ಚುತ್ತದೆ. ಆಗುಂಬೆಯ ಬರ್ಕಣ ಜಲಪಾತದಂಥ ಕಡೆ ಹೋಗುವ ಆಸೆ ಇದ್ದರೆ ಮೊದಲು ಅಲ್ಲಿನ ಅರಣ್ಯ ಕಚೇರಿಯಲ್ಲಿ ವಿಚಾರಿಸಿ.

ಕಾಡ್ಗಿಚ್ಚಿಗಿಂತ ಜಾಸ್ತಿ ನಾನು ಹೇಳಬೇಕಾಗಿರುವುದು ಉಣುಗಿನ (ರಕ್ತ ಹೀರುವ ಉಣ್ಣೆ ಹುಳದ) ಬಗ್ಗೆ. ಬೇಸಿಗೆಯಲ್ಲಿ ಇಂಬಳ (ಜಿಗಣೆ) ಇಲ್ಲ ಅಂತ ಚಡ್ಡಿಯಲ್ಲಿ ಬರುತ್ತಾರೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಹರಡುವುದು ಉಣುಗು ಕಚ್ಚಿ. ಮರಿ ಉಣುಗು ಎಳ್ಳಿಗಿಂತ ಸಣ್ಣದು, ಕಣ್ಣಿಗೆ ಬೀಳುವುದೇ ಕಷ್ಟ. ಉದ್ದ ಪ್ಯಾಂಟು ಹಾಕಿ, ಕೆಳತುದಿಯನ್ನು ಸಾಕ್ಸಿನೊಳಗೆ ತೂರಿಸಿ. ಒಣಗಿದ ತರಗೆಲೆ ಮೇಲೆ ಕೂರಬೇಡಿ, ಬಂಡೆ ಮೇಲೆ ಕೂರಿ. ಆರೋಗ್ಯ ಇಲಾಖೆಯವರು ಊರಿನವರಿಗೆ ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಡೆಪಾ ಎಣ್ಣೆ ಕೊಡುತ್ತಾರೆ, ಹೋಂಸ್ಟೇಯಲ್ಲಿ ಕೇಳಿ ನೋಡಿ. ವಾಪಸ್ ಬಂದ ತಕ್ಷಣ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಿಗೆ. ಮಂಗ ಸತ್ತಿದೆ ಎಂಬ ಸುದ್ದಿ ಇರುವ ಕಡೆ ಹೋಗಲೇಬೇಡಿ. ಊರಿಗೆ ಹೋದ ಒಂದು ವಾರದಲ್ಲಿ ಜೋರು ಜ್ವರ, ತಲೆನೋವು ಬಂದರೆ ಡಾಕ್ಟರಿಗೆ "ಮಲೆನಾಡಿನ ಕಾಡು ಸುತ್ತಿ ಬಂದಿದ್ದೇವೆ" ಅಂತ ನೀವೇ ಹೇಳಿ. ದೂರದ ಊರಿನಲ್ಲಿ ಅವರಿಗೆ ತಾನಾಗಿ ಹೊಳೆಯಲಿಕ್ಕಿಲ್ಲ.

ಇನ್ನು ಹಸಿರು ಗುಡ್ಡ, ಮಂಜು ಅಂತ ಆಸೆ ಇಟ್ಟುಕೊಳ್ಳಬೇಡಿ. ಏಪ್ರಿಲ್‌ನಲ್ಲಿ ಹುಲ್ಲು ಹಳದಿ, ಹಳ್ಳಗಳು ಬತ್ತಿರುತ್ತವೆ, ಜೋಗದಲ್ಲೂ ನೀರು ತೆಳ್ಳಗೆ. ಆರು ಗಂಟೆಗೆ ಹತ್ತಲು ಶುರು ಮಾಡಿ, ಹತ್ತರ ಮೇಲೆ ಬೋಳು ಬಂಡೆ ಕಾವಲಿ ಥರ ಕಾಯುತ್ತದೆ. ತಲಾ ಮೂರು ಲೀಟರ್ ನೀರು ಹೊತ್ತುಕೊಳ್ಳಿ. ಸಂಜೆ ಗುಡುಗು ಕೇಳಿದರೆ ತುದಿಯಲ್ಲಿ ನಿಲ್ಲಬೇಡಿ, ಇಳಿದುಬಿಡಿ.

ಮುಂದೂಡುವ ಯೋಚನೆ ಇದ್ದರೆ ಬೇಡ. ಏಪ್ರಿಲ್ ಎರಡನೇ ವಾರ ಶಾಲೆಗೆ ರಜೆ ಶುರುವಾದರೆ ಎಲ್ಲ ಕಡೆ ಜನವೇ. ಹೋಂಸ್ಟೇಯಲ್ಲಿ ಬೆಳಗಿನ ತಿಂಡಿ ಎಂಟರ ಮೇಲೆ ಅಂತ ಇರುತ್ತದೆ, ಅಷ್ಟರಲ್ಲಿ ನೀವು ಅರ್ಧ ಗುಡ್ಡ ಹತ್ತಿರಬೇಕು. ಕಟ್ಟಿಕೊಂಡು ಹೋಗಲು ಅಕ್ಕಿರೊಟ್ಟಿ ಬೇಕು ಅಂತ ಹಿಂದಿನ ರಾತ್ರಿಯೇ ಹೇಳಿಡಿ.